ಸುನ್ನಿವಾಳ ರಾತ್ರಿಗಳು

"ಆ ಪಾತ್ರೆ ಮುಟ್ಟಿದ್ರೆ ನೋಡು, ಕೈ ಮುರಿದುಬಿಡ್ತೀನಿ," ಎಂದಳು ಬೋರ್ಗಿಲ್ ಚಿಕ್ಕಮ್ಮ, ಬಾಗಿಲಲ್ಲಿ ಬೂಟು ಕಳಚುತ್ತಲೇ.

ತೋರುನ್ ಆಗಲೇ ಸಿಂಕಿನ ಮುಂದೆ ನಿಂತಿದ್ದಳು. ಮೊಣಕೈವರೆಗೂ ಸೋಪಿನ ನೊರೆ. ಪಾತ್ರೆ ಮುಗಿಯುತ್ತ ಬಂದಿತ್ತು, ನೆಲ ಒರೆಸಿಯಾಗಿತ್ತು, ಕಿಟಕಿಯ ಗಾಜು ಕೂಡ ಮಿಂಚುತ್ತಿತ್ತು.

"ನಿನ್ನೆ ಫೋನಲ್ಲಿ ಏನು ಹೇಳಿದ್ದೆ ನಾನು? ಮನೆ ಹೆಂಗಿದ್ಯೋ ಹಂಗೇ ಬಿಡು, ತಲೆ ಬಾಚ್ಕೋಬೇಡ, ಕಣ್ಣ ಕೆಳಗಿನ ಕಪ್ಪು ಕಾಣ್ಲಿ ಅಂತ ತಾನೆ? ಬಂದೋಳು 'ಅಯ್ಯೋ ಪಾಪ' ಅನ್ಬೇಕು ಕಣೇ. ನೀನು ನೋಡಿದ್ರೆ ಮದುವೆಮನೆ ಮಾಡಿಟ್ಟಿದ್ದೀಯ."

"ಜನ ಬರ್ತಾರೆ ಚಿಕ್ಕಮ್ಮ. ಗಲೀಜು ಮನೆಯೊಳಗೆ ಹೆಂಗೆ ಕರೀಲಿ?"

"ಅವಳು ಜನ ಅಲ್ಲ. ಆಫೀಸು."

ಬರಬೇಕಾಗಿದ್ದವಳು ಪುರಸಭೆಯ ಆರೋಗ್ಯ ವಿಭಾಗದ ಅನ್ವೋರ್. ತೋರುನ್‌ಳ ಮಗಳು ಸುನ್ನಿವಾಗೆ ಒಂಬತ್ತು ವರ್ಷ. ನಡೆಯಲಾರಳು, ಮಾತಾಡಲಾರಳು. ನಗುವುದು ಮಾತ್ರ ಊರಿಗೆಲ್ಲ ಕೇಳಿಸುವಂತೆ. ನಿದ್ದೆಯಲ್ಲಿ ಅವಳಿಗೆ ಫಿಟ್ಸ್ ಬರುತ್ತದೆ, ಉಸಿರು ಕಟ್ಟುತ್ತದೆ. ಆಗ ಯಾರಾದರೂ ಎಚ್ಚರವಾಗಿದ್ದು ಮಗ್ಗುಲಿಗೆ ತಿರುಗಿಸಿ ಔಷಧಿ ಕೊಡಬೇಕು. ವಾರದಲ್ಲಿ ಮೂರು ರಾತ್ರಿ ಪುರಸಭೆಯ ದಾದಿಯೊಬ್ಬಳು ಬಂದು ಮಗುವಿನ ಪಕ್ಕ ಕೂರುತ್ತಿದ್ದಳು. ಆ ಮೂರು ರಾತ್ರಿ ತೋರುನ್ ಸತ್ತವಳಂತೆ ಮಲಗುತ್ತಿದ್ದಳು. ಉಳಿದ ರಾತ್ರಿಗಳಲ್ಲಿ ಮಗಳ ಎದೆಯ ಮೇಲೆ ಅಂಗೈಯಿಟ್ಟು ಅರೆಕಣ್ಣಲ್ಲಿ ಬೆಳಗು ಮಾಡುತ್ತಿದ್ದಳು. ಗಂಡ ಸ್ಟೈನಾರ್ ಮೀನಿನ ಹಡಗಿನವನು. ಹೋದರೆ ವಾರಗಟ್ಟಲೆ ನೀರಿನ ಮೇಲೆಯೇ.

ಈಗ ಪುರಸಭೆಗೆ ದಾದಿಯರು ಸಾಲುತ್ತಿಲ್ಲ. ಒಂದೊಂದು ಮನೆಗೆ ಒಬ್ಬೊಬ್ಬರನ್ನು ರಾತ್ರಿಯಿಡೀ ಕೂರಿಸಲು ಆಗುವುದಿಲ್ಲ ಎನ್ನುತ್ತಿದ್ದರು. ಕೊಲ್ಲಿಯ ಆಚೆ ದಡದಲ್ಲಿ ಒಂದು ಆರೈಕೆಮನೆ ತೆರೆದಿದ್ದರು. ಇಂಥ ಮಕ್ಕಳೆಲ್ಲ ಅಲ್ಲೇ ಮಲಗಬೇಕು, ಎಲ್ಲರಿಗೂ ಸೇರಿ ಒಬ್ಬಳು ಕಾವಲು. ಮನೆಯವರೇ ನಿಭಾಯಿಸಬಲ್ಲರಾದರೆ ಮಗು ಮನೆಯಲ್ಲಿರುತ್ತದೆ, ಆದರೆ ದಾದಿ ಬರುವುದಿಲ್ಲ. ನಿಭಾಯಿಸಲಾರರಾದರೆ ಮಗು ಆಚೆ ದಡಕ್ಕೆ. ಈಗ ಇರುವಂತೆಯೇ ಇರಲಿ ಎಂದು ಕೇಳಿಕೊಳ್ಳಬೇಕೆಂದು ತೋರುನ್ ಎಷ್ಟೋ ದಿನದಿಂದ ಮಾತು ಕೂಡಿಸುತ್ತಿದ್ದಳು.

ಚಿಕ್ಕಮ್ಮನ ಉಪಾಯ ಅವಳಿಗೆ ಅರ್ಥವಾಗದೆ ಇರಲಿಲ್ಲ. ಆದರೆ ಮೇಲಿನ ಓಣಿಯ ತಾಯಿಯೊಬ್ಬಳು ಹೋದ ಸಲ ಇದೇ ಆಫೀಸಿನವರ ಮುಂದೆ ಅತ್ತುಬಿಟ್ಟಿದ್ದಳು. ಬಂದವರು ಬಹಳ ಮರುಗಿದರು, ಬೆನ್ನು ಸವರಿದರು, ಮಗನಿಗೆ ಆಚೆ ದಡದಲ್ಲಿ ಕೋಣೆ ಕೊಟ್ಟರು. ಆ ಹುಡುಗ ಈಗ ಶನಿವಾರ ಮನೆಗೆ ಬಂದರೆ ಕೋಟು ಬಿಚ್ಚಲು ಒಪ್ಪುವುದಿಲ್ಲವಂತೆ. ಕೋಟು ತೊಟ್ಟೇ ಊಟಕ್ಕೆ ಕೂರುತ್ತಾನಂತೆ, ಬಂದುಹೋಗುವ ನೆಂಟನ ಹಾಗೆ. ಅದನ್ನು ಕೇಳಿದಾಗಿನಿಂದ ತೋರುನ್‌ಗೆ ಮನೆಯಲ್ಲಿ ಧೂಳು ಕಂಡರೂ ಎದೆ ಹಾರುತ್ತಿತ್ತು.

"ಹೋಗ್ಲಿ, ವಾಫಲ್ ಆದ್ರೂ ಮಾಡಬೇಡ," ಎಂದಳು ಚಿಕ್ಕಮ್ಮ.

"ಹಿಟ್ಟು ಕಲಸಿಟ್ಟಾಯ್ತು."

"ದೇವರೇ!" ಎಂದು ಚಿಕ್ಕಮ್ಮ ಕುರ್ಚಿಯಲ್ಲಿ ಕುಸಿದಳು. ಒಂದು ಗಳಿಗೆ ಬಿಟ್ಟು, "ಏಲಕ್ಕಿ ಹಾಕಿದ್ಯಾ?" ಎಂದಳು.

ಅನ್ವೋರ್ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು. ಕೆಟ್ಟವಳಲ್ಲ. ಬೂಟು ಕಳಚಿ ಓರೆಯಾಗದಂತೆ ಜೋಡಿಸಿಟ್ಟಳು, ಮೊದಲು ಮಗುವಿನ ಬಳಿ ಹೋಗಿ ಮೊಣಕಾಲೂರಿ ಮಾತಾಡಿಸಿದಳು. ಸುನ್ನಿವಾಗೆ ಅಂದು ಎಲ್ಲಿಲ್ಲದ ಖುಷಿ. ಬಂದವಳ ಕೆಂಪು ಶಾಲನ್ನು ಹಿಡಿದೆಳೆದು ಕೇಕೆ ಹಾಕಿ ನಕ್ಕಳು.

'ಇವತ್ತೇ ಇಷ್ಟು ಚೆನ್ನಾಗಿರಬೇಕಿತ್ತಾ ಕಂದ' ಎಂದುಕೊಂಡಳು ತೋರುನ್. ಅಂದುಕೊಂಡದ್ದಕ್ಕೆ ನಾಚಿ, ಕಾಫಿ ತರಲು ಎದ್ದಳು.

ಕಾಫಿ ಬಂತು, ಬಿಸಿ ವಾಫಲ್ ಬಂತು, ಅದರ ಮೇಲೆ ಕಂದು ಚೀಸು. ಅನ್ವೋರ್ ಎರಡು ತಿಂದಳು.

"ನಿಮಗೆ ನಿದ್ದೆ ಹೇಗೆ ಆಗ್ತಿದೆ, ತೋರುನ್?"

ಎಷ್ಟೋ ದಿನದಿಂದ ಕೂಡಿಸಿಟ್ಟಿದ್ದ ಮಾತು ಗಂಟಲವರೆಗೂ ಬಂತು. ಬಾಯಿ ತನ್ನ ಅಭ್ಯಾಸದ ಮಾತನ್ನೇ ಆಡಿತು. "ನಡೀತಿದೆ."

ಮೇಜಿನ ಕೆಳಗೆ ಚಿಕ್ಕಮ್ಮ ಒದ್ದಳು. ಈ ಉತ್ತರದ ಕಡೆಯಲ್ಲಿ ಕಾಲು ಮುರಿದುಕೊಂಡವನೂ 'ನಡೀತಿದೆ' ಎಂದೇ ಹೇಳುತ್ತಾನೆ ಎಂಬುದು ದಕ್ಷಿಣದಿಂದ ಬಂದ ಅನ್ವೋರ್‌ಗೆ ಗೊತ್ತಿತ್ತೋ ಇಲ್ಲವೋ.

"ನಡಿಯೋದೇನು?" ಎಂದಳು ಚಿಕ್ಕಮ್ಮ. "ಮೊನ್ನೆ ಅಂಗಡೀಲಿ ಹಾಲಿನ ಡಬ್ಬ ಕೈಲಿಟ್ಕೊಂಡು ನಿಂತಲ್ಲೇ ತೂಕಡಿಸ್ತಿದ್ಲು ಇವಳು."

"ಚಿಕ್ಕಮ್ಮ ತಮಾಷೆ ಮಾಡ್ತಾರೆ," ಎಂದು ತೋರುನ್ ನಕ್ಕಳು.

ಅನ್ವೋರ್ ಚಿಕ್ಕಮ್ಮನ ಕಡೆ ತಿರುಗಿದಳು. "ನೀವು ಇಲ್ಲೇ ಹತ್ತಿರದಲ್ಲಿರೋದಾ?"

"ಚರ್ಚಿನ ಪಕ್ಕ."

"ಹಾಗಾದ್ರೆ ನೀವೂ ಬಂದು ಸ್ವಲ್ಪ ಸಹಾಯ... ಅಥವಾ ಬೇಡ, ಕಷ್ಟ ಆಗುತ್ತೇನೋ. ವಯಸ್ಸಾಗಿದೆ. ಎಷ್ಟೋ ಮನೆಗಳಲ್ಲಿ ಸಂಬಂಧಿಕರು ತಿರುಗಿ ನೋಡೋದೇ ಇಲ್ಲ, ನನಗೆ ಅಭ್ಯಾಸ ಆಗಿದೆ."

ಚಿಕ್ಕಮ್ಮನ ಕತ್ತು ಕೆಂಪಾಯಿತು. ಬೈದಿದ್ದರೆ ನಕ್ಕುಬಿಡುತ್ತಿದ್ದಳು. ಆದರೆ ತನ್ನವರಿಗೆ ಕೈಕೊಟ್ಟವಳು ಎಂಬ ಮಾತನ್ನು ಆ ಕರಾವಳಿಯಲ್ಲಿ ಯಾರೂ ಸಹಿಸರು.

"ತಿರುಗಿ ನೋಡಲ್ವಾ? ನಾವಾ? ಕೇಳಮ್ಮ ಇಲ್ಲಿ. ನಾನು ಚಿಕ್ಕೋಳಿದ್ದಾಗ ಈ ಊರಿನ ದೋಣಿಯೊಂದು ಮುಳುಗ್ತು. ಆ ಮನೆಗಳ ಮಕ್ಕಳನ್ನೆಲ್ಲ ನಾವೇ ಸಾಕಿದ್ವಿ, ಇವತ್ತು ನಿಮ್ಮನೇಲಿ ನಾಳೆ ನಮ್ಮನೇಲಿ ಅಂತ. ಯಾವ ಆಫೀಸನ್ನೂ ಕೇಳ್ಲಿಲ್ಲ. ನಮ್ಮ ಮಗೂನ ನೋಡ್ಕೊಳ್ಳೋಕೆ ನಮಗೆ ಬರಲ್ವಾ? ಹಗಲಾಗ್ಲಿ, ರಾತ್ರಿಯಾಗ್ಲಿ, ಕರೆದ್ರೆ ಸಾಕು, ನಾನಿದ್ದೀನಿ!"

ತಾನು ಆಡಿದ್ದನ್ನು ಚಿಕ್ಕಮ್ಮ ತಾನೇ ಆಗ ಕೇಳಿಸಿಕೊಂಡಂತಿತ್ತು.

ಅನ್ವೋರ್‌ಳ ಮುಖ ಅರಳಿತು. ಕೆಟ್ಟ ಸುದ್ದಿ ಹೊತ್ತು ತಂದವಳಿಗೆ ಅದನ್ನು ಇಳಿಸಲು ಜಾಗ ಸಿಕ್ಕಿದಂತೆ. "ಎಷ್ಟು ಗಟ್ಟಿ ಕುಟುಂಬ! ನಿಜ ಹೇಳ್ಲಾ, ಇಂಥ ಮನೆ ನೋಡೋಕೇ ಸಂತೋಷ. ಹಾಗಾದ್ರೆ ಸುನ್ನಿವಾ ಇಲ್ಲೇ ಇರ್ಲಿ. ದಾದಿ ಈ ತಿಂಗಳ ಕೊನೇವರೆಗೂ ಬರ್ತಾಳೆ, ಆಮೇಲೆ ನೀವೇ ಇದ್ದೀರಲ್ಲ."

ಅವಳು ಬೂಟು ಹಾಕಿಕೊಂಡು ಹೊರಟಳು. ಬಾಗಿಲು ಮುಚ್ಚಿತು. ತೋರುನ್ ಕಾಲುಚೀಲದಲ್ಲೇ ಅಂಗಳದ ಕೆಸರುಹಿಮಕ್ಕೆ ಓಡಿದಳು. ಕಾರು ಆಗಲೇ ಗುರುಗುಡುತ್ತಿತ್ತು. ಗಾಜು ಬಡಿದಳು. ಗಾಜು ಇಳಿಯಿತು.

"ಹೋದ ವಾರ ನನಗೆ ನಿದ್ದೆ ಹತ್ತಿಬಿಡ್ತು," ಎಂದಳು ಒಂದೇ ಉಸಿರಿಗೆ. "ಅವಳಿಗೆ ಫಿಟ್ಸ್ ಬಂದಿದ್ದು ಗೊತ್ತೇ ಆಗ್ಲಿಲ್ಲ. ಎದ್ದಾಗ ತುಟಿ ನೀಲಿ. ನನ್ನ ಕೈಲಿ ಆಗ್ತಿಲ್ಲ. ಚಿಕ್ಕಮ್ಮನಿಗೆ ಹೃದಯದ ಕಾಯಿಲೆ ಇದೆ. ದಾದಿಯ ಆ ಮೂರು ರಾತ್ರಿ ಉಳಿಸಿಕೊಡಿ ಸಾಕು, ಬೇರೇನೂ ಬೇಡ."

ಅನ್ವೋರ್ ಎಂಜಿನ್ ನಿಲ್ಲಿಸಿದಳು.

"ಆ ಮೂರು ರಾತ್ರಿ ಇಲ್ಲ ತೋರುನ್. ನಾನು ಇಲ್ಲಿಗೆ ಬರೋ ಮೊದ್ಲೇ ಇರ್ಲಿಲ್ಲ. ಮೇಲಿನೋರು ಮುಗಿಸಿಬಿಟ್ಟಿದ್ದಾರೆ."

"ಮತ್ತೆ ಯಾಕೆ ಬಂದ್ರಿ?"

"ಬಂದು ನೋಡ್ಬೇಕು ಅಂತ ನಿಯಮ." ಅವಳ ದನಿ ಸಣ್ಣಗಾಯಿತು. "ನೀವು ಈಗ ಹೇಳಿದ್ದನ್ನ ನಾನು ಕೇಳಿಸ್ಕೊಂಡ್ರೆ ನಾಳೆನೇ ಆಚೆ ದಡದಲ್ಲಿ ಹಾಸಿಗೆ ಹಾಕಿಸ್ಬೇಕು. ನನ್ನ ಕೈಲಿರೋದು ಅದೊಂದೇ. ಹೇಳಿ, ಕೇಳಿಸ್ಕೊಂಡ್ನಾ?"

ಕಾಲುಚೀಲ ನೀರು ಕುಡಿದು ಪಾದ ಜೋಮು ಹಿಡಿದಿತ್ತು. ಒಳಗಿಂದ ಸುನ್ನಿವಾಳ ನಗು ಕೇಳುತ್ತಿತ್ತು. ಯಾವ ಕಡೆ ಕಾಲಿಟ್ಟರೂ ಅದೇ ಗೋಡೆ.

"ಇಲ್ಲ," ಎಂದಳು ತೋರುನ್. "ಗಾಳಿ ಜೋರಿತ್ತು."

ಗಾಳಿಯೇ ಇರಲಿಲ್ಲ.

"ಇನ್ಮೇಲೆ ನನಗೂ ನಿದ್ದೆ ಬರಲ್ಲ," ಎಂದು ಅನ್ವೋರ್ ಗಾಜು ಏರಿಸಿದಳು.

ಒಳಗೆ ಚಿಕ್ಕಮ್ಮ ಮಗುವಿನ ಪಕ್ಕ ಕೂತಿದ್ದಳು. ತಲೆ ಎತ್ತಲಿಲ್ಲ. "ಈ ನಾಲಿಗೆ ಬಿದ್ದುಹೋಗ್ಲಿ. ನಿನಗೆ ಬುದ್ಧಿ ಹೇಳೋಕೆ ಬಂದೋಳು ನಾನು. ಏನಂದ್ಲು?"

"ಇಲ್ಲೇ ಇರ್ತಾಳೆ. ನಮ್ಮ ಹತ್ರ."

"ದಾದಿ?"

ತೋರುನ್ ಇಲ್ಲವೆಂದು ತಲೆಯಾಡಿಸಿದಳು. ಚಿಕ್ಕಮ್ಮ ಮೂಗು ಒರೆಸಿಕೊಂಡು ಎದ್ದಳು. "ಸರಿ. ಆಡಿದ್ದಾಯ್ತು, ಮಾಡೋದು ಕಲಿಸು. ಹೆಂಗೆ ತಿರುಗಿಸ್ಬೇಕು, ಔಷಧಿ ಎಲ್ಲಿ, ಎಲ್ಲ."

ಹಗಲ ಬೆಳಕಿನಲ್ಲೇ ಸುನ್ನಿವಾಳನ್ನು ಮಂಚದ ಮೇಲೆ ಮಲಗಿಸಿದರು. ಭುಜದ ಕೆಳಗೆ ಕೈ ಹಾಕುವುದು, ಗಲ್ಲ ಎತ್ತಿ ಹಿಡಿಯುವುದು, ಎಲ್ಲವನ್ನೂ ತೋರುನ್ ನಿಧಾನವಾಗಿ ತೋರಿಸಿದಳು. ಅಷ್ಟನ್ನು ಚಿಕ್ಕಮ್ಮ ಕಲಿತಳು. ಆಮೇಲೆ ಕೆನ್ನೆಯೊಳಗೆ ಔಷಧಿ ಬಿಡುವ ಸಿರಿಂಜು ಕೈಗೆ ಬಂತು. ಅದರ ಮುಚ್ಚಳ ಪುಟ್ಟದು, ಬಿಗಿ. ಸಂಧಿವಾತಕ್ಕೆ ಸೊಟ್ಟಗಾದ ಬೆರಳುಗಳು ಅದರ ಮೇಲೆ ಜಾರಿದವು. ಮತ್ತೆ ಹಿಡಿದಳು, ಮತ್ತೆ ಜಾರಿತು. ಹಲ್ಲಿನಿಂದ ಕಚ್ಚಿ ನೋಡಿದಳು.

ಇದೇನೋ ಆಟವೆಂದು ಸುನ್ನಿವಾ ಕಿಲಕಿಲ ನಕ್ಕಳು.

"ಇನ್ನೊಂದ್ಸಲ, ಚಿಕ್ಕಮ್ಮ," ಎಂದಳು ತೋರುನ್.