ಕಹಿಯಾದ ದೇವರ ಹಾಲು

ನಮ್ಮ ಕುಲಕ್ಕೆ ದೇವರ ಆಕಳ ಹಿಂಡೊಂದಿದೆ. ಅವುಗಳ ಹಾಲನ್ನು ಯಾರೂ ಮಾರುವುದಿಲ್ಲ, ಮನೆಗೂ ಒಯ್ಯುವುದಿಲ್ಲ. ಶನಿವಾರ ದೇವರ ಮುಂದಿಟ್ಟು ಅಂಗೈಗೆ ಒಂದೊಂದು ಗುಟುಕು ಹಾಕುತ್ತಾರೆ. ಆ ಶನಿವಾರ ಗುಟುಕು ಬಾಯಿಗೆ ಬಿದ್ದದ್ದೇ ಎಲ್ಲರ ಮುಖ ಸೊಟ್ಟಗಾಯಿತು. ಹಾಲು ಕಹಿ.

ದೇವರ ಆಕಳಿಗೆ ಹುಲ್ಲಿನಿಂದ ದೋಷ ತಟ್ಟುವುದಿಲ್ಲ, ಮನುಷ್ಯರಿಂದಲೇ ತಟ್ಟುತ್ತದೆ ಎಂಬುದು ನಮ್ಮವರ ನಂಬಿಕೆ. ಮುಟ್ಟಾದ ಹೆಂಗಸು ಹಿಂಡಿಗೆ ಎದುರಾಗಿರಬೇಕು ಎಂದರು. ಅಣ್ಣನ ಹೆಂಡತಿ ಸರಸು ಆ ವಾರ ಹೊರಗೆ ಕೂತಿದ್ದಳು. ಅಣ್ಣ ಮಲೆಯ ಮೇಲೆ ಪೆರಿಯಾರಿನ ಅಣೆಕಟ್ಟು ಕೆಲಸದಲ್ಲಿದ್ದ. ಅವಳ ಪರ ಮಾತಾಡುವವರಿರಲಿಲ್ಲ.

"ನಾನು ಆ ದಾರಿ ತುಳಿದೇ ಇಲ್ಲ ಮಾಮಾ," ಎಂದಳು ಸರಸು.

"ಹಾಲೇ ಹೇಳ್ತಾ ಇದೆಯಲ್ಲಮ್ಮಾ," ಎಂದರು ಕುಲದ ಹಿರಿಯರಾದ ನಮ್ಮ ದೊಡ್ಡಪ್ಪ ರಂಗಸಾಮಿ. "ಸೋಮವಾರ ಗಾಡಿ ಕಟ್ಟಿಸ್ತೀನಿ. ಕಾಮಯಗೌಂಡನ್‌ಪಟ್ಟಿಗೆ, ನಿಮ್ಮಪ್ಪನ ಮನೆಗೆ ಹೋಗಿರು. ಕರೆಸಿದಾಗ ಬಾ."

ಹಾಗೆ ಹೋಗಿ, ಕರೆ ಬಾರದೆಯೇ ತವರಲ್ಲಿ ಮುದುಕಿಯರಾದವರು ನಮ್ಮಲ್ಲಿದ್ದಾರೆ.

ಭಾನುವಾರ ಸೌದೆಗೆ ಹೋದಾಗ ಹಿಂಡನ್ನು ಕಂಡೆ. ಅಣೆಕಟ್ಟಿಗೆ ಸಾಮಾನು ಹೊರುವ ಗಾಡಿಗಳು ನಮ್ಮ ಗೂಡಲೂರಿನ ಹುಲ್ಲುಗಾವಲಲ್ಲೆಲ್ಲ ಬೀಡುಬಿಟ್ಟಿದ್ದವು. ಅದಕ್ಕೇ ದನಗಾಹಿ ಕರುಪ್ಪಯ್ಯ ಆಕಳುಗಳನ್ನು ಗುಡ್ಡದ ಬುಡಕ್ಕೆ ಹೊಡೆದಿದ್ದ. ಅಲ್ಲಿ ಹುಲ್ಲು ಒಣಗಿತ್ತು. ಹಸಿರಾಗಿದ್ದದ್ದು ಒಂದೇ ಕಾಡುಗಿಡ: ಸೊಂಟದೆತ್ತರ, ಒರಟು ಎಲೆ, ಹುಚ್ಚೆಳ್ಳು ಹೂವಿನಂಥ ಹಳದಿ ಹೂವು. ಆಕಳುಗಳು ಅದನ್ನು ಹೂವು ಸಮೇತ ಮೇಯುತ್ತಿದ್ದವು. ಒಂದು ಎಲೆ ಅಗಿದು ನೋಡಿದೆ. ಊರು ಮುಟ್ಟುವವರೆಗೂ ಉಗುಳುತ್ತಲೇ ಬಂದೆ.

ಹಿರಿಯರೆದುರು ನಿಂತು ಹೇಳುವುದು ನನ್ನಿಂದಾಗದು. ಸೌದೆ ಹೊರೆಯೊಳಗೆ ಆ ಗಿಡವನ್ನೂ ಸೇರಿಸಿ ತಂದು ಮನೆಯ ಆಕಳಿಗೆ ಹಾಕಿದೆ. ಬೆಳಿಗ್ಗೆ ಅಜ್ಜಿ ಚಿನ್ನಮ್ಮಾಳ್ ಹಾಲು ಕರೆದಳು. ದೊಡ್ಡಪ್ಪ ಒಂದು ಗುಟುಕು ಕುಡಿದು ಅಂಗಳಕ್ಕೆ ಉಗಿದರು.

"ಇದನ್ನೂ ಅವಳೇ ಮುಟ್ಟಿದಳೇನು?"

"ಕರೆದವಳು ನಾನು," ಎಂದಳು ಅಜ್ಜಿ. "ನಿನಗೆ ಮೀಸೆ ಬರೋ ಹೊತ್ತಿಗೇ ನನಗೆ ಅದೆಲ್ಲ ನಿಂತೋಯ್ತು ಮಗನೆ. ಬೇರೆ ಯಾರನ್ನಾದ್ರೂ ಹುಡುಕು."

ಗೋದಲಿಯಲ್ಲಿ ಉಳಿದಿದ್ದ ಕಡ್ಡಿಗಳನ್ನು ತಂದು ದೊಡ್ಡಪ್ಪನ ಮುಂದಿಟ್ಟೆ. ಹೂವು ಇನ್ನೂ ಪೂರ್ತಿ ಬಾಡಿರಲಿಲ್ಲ. "ದೇವರ ಹಿಂಡು ಇದನ್ನೇ ಮೇಯ್ತಿದೆ," ಎಂದಷ್ಟೇ ಅಂದೆ. ಅವರು ಒಂದು ಎಲೆಯನ್ನು ಹಲ್ಲಿಗಿಟ್ಟು ಅಗಿದು, ಮತ್ತೆ ಅಂಗಳಕ್ಕೆ ಉಗಿದರು.

"ಗಾಡಿ ಬೇಡ," ಎಂದರು.

ಸರಸು ಗಂಟು ಹಿಡಿದು ಬಾಗಿಲಲ್ಲಿ ನಿಂತಿದ್ದಳು. "ಕಟ್ಟಿಸಿ ಮಾಮಾ. ಆಕಳು ಹೇಳಿದ್ದನ್ನ ನಂಬಿದಿರಿ, ನಾನು ಹೇಳಿದ್ದನ್ನ ನಂಬಲಿಲ್ಲ. ಅವರು ಮಲೆ ಇಳಿದು ಬಂದು ಕರೆದರೆ ಬರ್ತೀನಿ."

ದನಿ ಏರಿರಲಿಲ್ಲ. ಅವಳನ್ನು ಉಳಿಸಿಕೊಳ್ಳಲೆಂದೇ ಗಿಡ ಹೊತ್ತು ತಂದಿದ್ದೆ. ಉಳಿಯಲು ಅವಳಿಗೆ ಮನಸ್ಸಿದೆಯೇ ಎಂದು ನಾನೂ ಕೇಳಿರಲಿಲ್ಲ.

ದೊಡ್ಡಪ್ಪ ಆಳನ್ನು ಕರೆಯಲಿಲ್ಲ. ತಾವೇ ಎತ್ತು ಹೂಡಿದರು, ಗಂಟನ್ನು ಅವಳ ಕೈಯಿಂದ ತೆಗೆದುಕೊಂಡು ಗಾಡಿಯೊಳಗಿಟ್ಟರು.

"ನೀನ್ಯಾಕೆ ಹೋಗ್ತೀಯ?" ಎಂದಳು ಅಜ್ಜಿ.

"ಇವಳಪ್ಪನಿಗೆ ನಾನೇ ಹೇಳಬೇಕು," ಎಂದು ಅವರು ಗಾಡಿಯ ಮೂಕಿಯ ಮೇಲೆ ಕೂತರು.