ಹೂವಿನೊಳಗೆ ಬಿದ್ದ ಚೆಂಡು

ರಜೆಗೆ ಮನೆಗೆ ಬಂದ ರುಕ್ಮಿಣಿಗೆ ಮೈಸೂರಿನ ಹಾಸ್ಟೆಲಿನ ಗಂಟೆಯೇ ವಾಸಿ ಎನ್ನಿಸಿಬಿಟ್ಟಿತು. ಅಲ್ಲಿ ಗಂಟೆ ಬಾರಿಸಿದರೆ ಓದಬೇಕಿತ್ತು. ಇಲ್ಲಿ ಅವ್ವ ಕೂಗಿದರೆ ಖುಷಿಪಡಬೇಕಿತ್ತು.

"ರುಕ್ಕೂ, ಪೆಟ್ಟಿಗೆ ತೆಗಿಯೇ!"

ಬೆಳಗಿನ ಕಾಫಿ ಲೋಟ ಇನ್ನೂ ಕೈಯಲ್ಲಿರುವಾಗಲೇ ಅಡುಗೆಮನೆಯಿಂದ ಕೃಷ್ಣಮ್ಮನವರ ದನಿ ಬರುತ್ತಿತ್ತು. ಪೆಟ್ಟಿಗೆ ಎಂದರೆ ಹಾರ್ಮೋನಿಯಂ. ಅದನ್ನು ಜಗಲಿಗೆ ತಂದು ನುಡಿಸಬೇಕು. ಅದಾದ ಮೇಲೆ ಪನ್ನೇರಳೆ ಮರದ ಕೆಳಗೆ ಹಣ್ಣು ಆರಿಸಬೇಕು, ಆರಿಸುವಾಗ ಒಂದಿಷ್ಟು ಗದ್ದಲ ಮಾಡಬೇಕು. ಊಟವಾದ ಮೇಲೆ ಕಾಲೇಜಿನಿಂದ ತಂದ ಕಾದಂಬರಿಯನ್ನು ಗಟ್ಟಿಯಾಗಿ ಓದಬೇಕು. ಬಿಸಿಲು ಇಳಿದರೆ ಕಣದಲ್ಲಿ ಬಾಲ್ ಬ್ಯಾಡ್ಮಿಂಟನ್.

ಇವೆಲ್ಲ ರುಕ್ಮಿಣಿಗೆ ಇಷ್ಟವಿಲ್ಲದ ಕೆಲಸಗಳೇನಲ್ಲ. ಹೋದ ವರ್ಷದವರೆಗೆ ಇವಕ್ಕಾಗಿಯೇ ಅವಳು ಪರೀಕ್ಷೆ ಮುಗಿಯುವುದನ್ನು ಕಾಯುತ್ತಿದ್ದಳು. ಕೊಯ್ಲು ಮುಗಿದು, ಒಣಗಿಸಿದ ಕಾಫಿಯೆಲ್ಲ ಮೂಟೆಯಾಗಿ ಹೋದ ಮೇಲೆ ಮನೆಯ ಮುಂದಿನ ಅಷ್ಟಗಲ ಕಣ ಖಾಲಿ ಬೀಳುತ್ತಿತ್ತು. ಅಣ್ಣ ಸುಣ್ಣದ ಗೆರೆ ಎಳೆದು ಬಲೆ ಕಟ್ಟುತ್ತಿದ್ದ. ಅಣ್ಣ ಮತ್ತು ರುಕ್ಮಿಣಿ ಒಂದು ಕಡೆ. ಅತ್ತಿಗೆ ವಿಮಲ ಮತ್ತು ತೋಟದ ಲೆಕ್ಕ ಬರೆಯುವ ರೈಟರ್ ಶೇಷಪ್ಪ ಇನ್ನೊಂದು ಕಡೆ. ಅತ್ತಿಗೆ ಬಿ.ಎ. ಓದುವಾಗ ಕಾಲೇಜು ತಂಡದಲ್ಲಿ ಆಡಿದವಳು. ಅವಳು ಹೊಡೆದ ಚೆಂಡು ಬಲೆಯನ್ನು ಸವರಿಕೊಂಡು ಬಂದು ಕಾಲಬುಡದಲ್ಲೇ ಸಾಯುತ್ತಿತ್ತು. ಶೇಷಪ್ಪ ಬರಿದೇ ಚಪ್ಪಾಳೆ ತಟ್ಟಲು ನಿಂತವನಂತೆ ಇರುತ್ತಿದ್ದ.

ಆಷಾಢದಲ್ಲಿ ಅಣ್ಣನಿಗೆ ಚಳಿಜ್ವರ ಬಂತು. ಅದಕ್ಕೆ ಕೊಡುವ ಕ್ವಿನೈನ್ ಮೂಡಿಗೆರೆಯಲ್ಲಿ ಇರಲಿಲ್ಲ, ಚಿಕ್ಕಮಗಳೂರಿನಲ್ಲೂ ಇರಲಿಲ್ಲ. ಎಲ್ಲ ಯುದ್ಧಕ್ಕೆ ಹೋಗಿದೆ ಎಂದರು. ಅಣ್ಣ ಉಳಿಯಲಿಲ್ಲ.

ಈ ಸಲ ರಜೆಗೆ ಬಂದ ದಿನವೇ ಕೃಷ್ಣಮ್ಮ ಮಗಳನ್ನು ಹಿತ್ತಿಲಿಗೆ ಕರೆದೊಯ್ದು ಹೇಳಿದ್ದರು.

"ನೋಡು ರುಕ್ಕು, ಹೋದ ವರ್ಷ ನೀನು ಹೆಂಗಿದ್ದೆಯೋ ಈ ವರ್ಷವೂ ಹಂಗೇ ಇರ್ಬೇಕು. ಹಾಡಬೇಕು, ಆಡಬೇಕು. ವಿಮಲ ಎದುರಿಗೇ ಕೂತಿರ್ತಾಳೆ, ನೋಡ್ಲಿ. ಮನೇಲಿ ಸದ್ದು ಇದ್ರೆ ಅವಳು ಉಳೀತಾಳೆ. ಇಲ್ದಿದ್ರೆ ಕಾಫಿ ಹೂವಾಗೋ ಹೊತ್ತಿಗೆ ಆಲ್ದೂರಿಂದ ಅವರಪ್ಪ ಬರ್ತಾರೆ, ಕರ್ಕೊಂಡು ಹೋಗ್ತಾರೆ. ಹೇಳಿ ಕಳಿಸಿದ್ದಾರೆ."

"ಅತ್ತಿಗೆ ಏನಂತಾರೆ?"

"ಅವಳು ಎಂಥ ಹೇಳ್ತಾಳೆ! ಕೇಳಿದ್ರೆ 'ನೀವು ಹೇಳಿದ ಹಾಗೆ ಅತ್ತೆ' ಅಂತಾಳೆ. ಅವರಪ್ಪ ಕೇಳಿದ್ರೆ 'ನೀವು ಹೇಳಿದ ಹಾಗೆ ಅಪ್ಪಾ' ಅಂತಾಳೆ. ನಿನ್ನಣ್ಣ ಹೋದ. ಅವಳೂ ಹೋದ್ರೆ, ಅವನು ಇದ್ದ ಅನ್ನೋದಕ್ಕೆ ಈ ಮನೇಲಿ ಏನಿದೆ ಹೇಳು?"

ಅವ್ವ ಅತ್ತಿರಲಿಲ್ಲ. ಗಂಡ ಸತ್ತ ಮೇಲೆ ಒಬ್ಬರೇ ತೋಟ ನಡೆಸಿದ ಹೆಂಗಸು. ಆಳುಗಳಿಗೆ ಕೆಲಸ ಹಂಚಿದಂತೆಯೇ ಮಗಳಿಗೆ ಈ ಕೆಲಸವನ್ನೂ ವಹಿಸಿದರು.

ಅಂದಿನಿಂದ ರುಕ್ಮಿಣಿ ಆಡುತ್ತಿದ್ದಳು. ವಿಮಲ ಜಗಲಿಯ ಕಂಬಕ್ಕೆ ಒರಗಿ ಕೂತು ನೋಡುತ್ತಿದ್ದಳು. ಹಾರ್ಮೋನಿಯಂ ಬಾರಿಸಿದರೆ ಕೇಳುತ್ತಿದ್ದಳು, ಹಣ್ಣು ಕೊಟ್ಟರೆ ತಿನ್ನುತ್ತಿದ್ದಳು. ಕಾದಂಬರಿಯ ಪುಟಗಳನ್ನು ಒಮ್ಮೆ ರುಕ್ಮಿಣಿ ಬೇಕೆಂದೇ ಹಾರಿಸಿ ಓದಿದರೂ ಅವಳ ಮುಖದಲ್ಲಿ ಏನೂ ಬದಲಾಗಲಿಲ್ಲ. ಕಣದಿಂದ ಬೆವರಿ ಬಂದು ಮಲಗಿದರೆ ರುಕ್ಮಿಣಿಗೆ ನಿದ್ದೆಯೂ ಸರಿಯಾಗಿ ಹತ್ತುತ್ತಿರಲಿಲ್ಲ. ನಾಳೆ ಯಾವುದಕ್ಕೆ ನಗುವುದು ಎಂದು ಯೋಚಿಸುವುದೇ ಒಂದು ದುಡಿಮೆಯಾಗಿತ್ತು. ಪಕ್ಕದ ಕೋಣೆಯಲ್ಲಿ ಅತ್ತಿಗೆ ಹೊರಳುವ ಸದ್ದು ಕೇಳುತ್ತಿತ್ತು.

ಕಾಫಿ ಅರಳಿಸುವ ಹೂಮಳೆ ಚೆನ್ನಾಗಿಯೇ ಬಿತ್ತು. ಗಿಡದಲ್ಲಿ ಮೊಗ್ಗು ಉಬ್ಬಿತು. ಅಟ್ಟದಲ್ಲಿದ್ದ ವಿಮಲಳ ಟ್ರಂಕು ಕೆಳಗಿಳಿದು ಜಗಲಿಯ ಮೂಲೆಗೆ ಬಂತು. ಯಾರು ಇಳಿಸಿ ಎಂದರೋ ರುಕ್ಮಿಣಿ ಕೇಳಲಿಲ್ಲ.

ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ತೋಟ ಬೆಳ್ಳಗಾಗಿತ್ತು. ಕಣದ ಅಂಚಿನಿಂದ ಹಿಡಿದು ಗುಡ್ಡದ ನೆತ್ತಿಯವರೆಗೆ ಒಂದೊಂದು ರೆಂಬೆಯೂ ಹೂವು ಸುತ್ತಿಕೊಂಡು ಬಾಗಿತ್ತು. ವಾಸನೆ ಮನೆಯೊಳಗೆ ಬಂದು ಪಾತ್ರೆಗಳಿಗೂ ಹತ್ತಿಕೊಂಡಿತ್ತು. ಜೇನಿನ ಮೊರೆತ ದೂರದ ಗಿರಣಿಯಂತೆ ಒಂದೇ ಸಮ ಕೇಳುತ್ತಿತ್ತು. ಆಳುಗಳಿಗೆ ರಜ. ಹೂವಾದ ದಿನಗಳಲ್ಲಿ ಕೃಷ್ಣಮ್ಮನವರ ತೋಟಕ್ಕೆ ನರಪಿಳ್ಳೆ ಕಾಲಿಡುವಂತಿಲ್ಲ. ಮೈ ಸೋಕಿದರೆ ಹೂ ಉದುರುತ್ತದೆ, ಉದುರಿದರೆ ಕಾಯಿ ಕಟ್ಟುವುದಿಲ್ಲ. ಹೂ ಕಂದು ತಿರುಗಿ ಒಣಗುವವರೆಗೆ ಮನೆಯ ನಾಯಿಯನ್ನೂ ಕಟ್ಟಿಹಾಕುತ್ತಿದ್ದರು.

ಅಂದೇ ಮಧ್ಯಾಹ್ನದ ಬಸ್ಸಿಗೆ ವಿಮಲಳ ತಂದೆ ತಮ್ಮಯ್ಯಗೌಡರು ಬರುವವರಿದ್ದರು.

"ಇವತ್ತು ಸಂಜೆ ತನಕ ಕಾಯ್ಬೇಡಿ, ಈಗ್ಲೇ ಆಡಿ," ಎಂದರು ಕೃಷ್ಣಮ್ಮ. "ಅವರು ಬರೋ ಹೊತ್ತಿಗೆ ಆಟ ನಡೀತಿರ್ಲಿ. ಮಗಳು ಸುಖವಾಗಿ ಕೂತು ನೋಡೋದು ಅವರ ಕಣ್ಣಿಗೆ ಬೀಳ್ಲಿ."

ಶೇಷಪ್ಪ ರ‍್ಯಾಕೆಟ್ಟನ್ನು ಕೊಡೆಯಂತೆ ಕಂಕುಳಲ್ಲಿ ಇರುಕಿಕೊಂಡು ಬಂದ. "ಅಮ್ಮಾ, ನಿನ್ನೆ ಆಡಿದ್ದಕ್ಕೇ ಸೊಂಟ ಹಿಡ್ಕೊಂಡಿದೆ. ರಜ ಅಂತ ಆಳುಗಳೆಲ್ಲ ಮಲಗಿದ್ದಾರೆ. ನಂಗೊಬ್ಬನಿಗೆ ಈ ಶಿಕ್ಷೆ ಯಾಕೆ?"

"ಶಿಕ್ಷೆ ಅಲ್ಲ ಶೇಷಪ್ಪ, ಆಟ. ಕಚ್ಚೆ ಬಿಗಿ ಮಾಡ್ಕೊಳ್ಳಿ."

"ಆಟ ಅಂತ ಹೇಳಿದ್ದು ಒಳ್ಳೇದಾಯ್ತು. ನಂಗೆ ಗೊತ್ತಾಗ್ತಿರ್ಲಿಲ್ಲ."

ರುಕ್ಮಿಣಿ ಚೆಂಡು ತೆಗೆದಳು. ಹಳದಿ ಉಣ್ಣೆಯ ಚೆಂಡು, ಬಣ್ಣ ಹೋಗಿ ಹಳೆಯ ನಿಂಬೆಹಣ್ಣಿನಂತಾಗಿತ್ತು. ಮನೆಯಲ್ಲಿದ್ದುದು ಅದೊಂದೇ. ಯುದ್ಧ ಶುರುವಾದ ಮೇಲೆ ಯಾವ ಅಂಗಡಿಯಲ್ಲೂ ಚೆಂಡು ಸಿಗುತ್ತಿರಲಿಲ್ಲ.

"ಬಿಡ್ಬೇಡಿ ಶೇಷಪ್ಪಾ!" ಎಂದು ಅವಳು ಜಗಲಿಗೆ ಕೇಳುವಂತೆ ಕೂಗಿದಳು. ಆ ಕೂಗು ಅವಳಿಗೇ ಪರಕೀಯವಾಗಿತ್ತು. ಚೆಂಡು ಮೇಲಕ್ಕೆ ಹೋಯಿತು. ಶೇಷಪ್ಪನಿಗೆ ಅಂದು ಅದೇನು ಬಂತೋ, ಸೊಂಟ ಮರೆತು, ಎರಡೂ ಕೈಯಲ್ಲಿ ರ‍್ಯಾಕೆಟ್ ಹಿಡಿದು ಕೊಡಲಿ ಬೀಸಿದಂತೆ ಬೀಸಿದ. ಚೆಂಡು ರುಕ್ಮಿಣಿಯ ತಲೆಯ ಮೇಲೆ, ಕಣದ ಅಂಚಿನ ಮೇಲೆ ಹಾದು ಬಿಳಿ ಹೂವಿನೊಳಗೆ ಇಳಿಯಿತು. ಅಲ್ಲಿ ಜೇನಿನ ಸದ್ದು ಸ್ವಲ್ಪ ಏರಿ ಮತ್ತೆ ಇಳಿಯಿತು.

ಇಬ್ಬರೂ ಕಣದ ಅಂಚಿನವರೆಗೆ ಓಡಿ ಅಲ್ಲೇ ನಿಂತರು.

"ಹೋಯ್ತಾ?" ಸಟ್ಟುಗ ಹಿಡಿದುಕೊಂಡೇ ಕೃಷ್ಣಮ್ಮ ಹೊರಗೆ ಬಂದರು.

"ಹೋಯ್ತು ಅಮ್ಮಾ." ಶೇಷಪ್ಪನ ದನಿಯಲ್ಲಿ ದುಃಖಕ್ಕಿಂತ ಬೇರೆ ಏನೋ ಇತ್ತು. "ಇನ್ನು ಹೂ ಒಣಗಿದ ಮೇಲೇನೇ."

ಕೃಷ್ಣಮ್ಮ ತೋಟ ನೋಡಿದರು, ರಸ್ತೆ ನೋಡಿದರು, ಕಂಬಕ್ಕೆ ಒರಗಿದ್ದ ಸೊಸೆಯನ್ನು ನೋಡಿದರು.

"ಹೋಗಿ ತಗೊಂಡು ಬನ್ನಿ," ಎಂದರು.

"ಎಲ್ಲಿಗೆ?"

"ಒಳಗೆ ಹೋಗಿ. ಹತ್ರದಲ್ಲೇ ಬಿದ್ದಿರುತ್ತೆ."

ಶೇಷಪ್ಪ ಅವರನ್ನೇ ನೋಡಿದ. "ಹೂವಿನೊಳಗೆ? ಅಮ್ಮಾ, ಚಿಕ್ಕೆಜಮಾನ್ರ ಹೊಸ ಟೋಪಿ ಗಾಳಿಗೆ ಹಾರಿ ಒಳಗೆ ಬಿದ್ದಾಗ್ಲೂ ನೀವು ಬಿಟ್ಟಿರ್ಲಿಲ್ಲ. ಹೂ ಒಣಗೋ ಹೊತ್ತಿಗೆ ಗೆದ್ದಲು ಅರ್ಧ ತಿಂದಿತ್ತು."

"ಆವತ್ತಿನ ಮಾತು ಬೇಡ. ಹೋಗಿ ಅಂದ್ರೆ ಹೋಗಿ. ನಾಲ್ಕು ಹೂ ಉದುರಿದ್ರೆ ಉದುರ್ಲಿ!"

ಅಣ್ಣನ ಟೋಪಿಗೂ ಒಳಗೆ ಬಿಡದಿದ್ದ ಅವ್ವನ ಬಾಯಲ್ಲಿ ಈ ಮಾತು ಬರುತ್ತದೆಂದು ರುಕ್ಮಿಣಿ ತಿಳಿದಿರಲಿಲ್ಲ. ಶೇಷಪ್ಪ ಕಚ್ಚೆ ಎತ್ತಿಕೊಂಡು, ದೇವರ ಮನೆಗೆ ಮೈಲಿಗೆಯಲ್ಲಿ ಹೋಗುವವನಂತೆ ಒಂದು ಕಾಲು ಮುಂದಿಟ್ಟ.

"ಬೇಡ ಶೇಷಪ್ಪ."

ಮೆಲ್ಲನೆಯ ದನಿ. ಮೂವರೂ ತಿರುಗಿದರು. ವಿಮಲ ಕಂಬ ಬಿಟ್ಟು ಎದ್ದು ನಿಂತಿದ್ದಳು.

"ಹೂವಿನೊಳಗೆ ಯಾರೂ ಹೋಗೋದು ಬೇಡ ಅತ್ತೆ. ಆಟ ಸಾಕು."

ಯಾರೂ ಏನೂ ಕೇಳದೆ ಅವಳಾಗಿ ಆಡಿದ ಮಾತು ಕೇಳಿ ಎಷ್ಟು ಕಾಲವಾಗಿತ್ತೋ. ಕೃಷ್ಣಮ್ಮ ಸಟ್ಟುಗವನ್ನು ನೋಡಿಕೊಂಡರು. "ಸಾರು ಉಕ್ಕುತ್ತೇನೋ," ಎಂದು ಒಳಗೆ ಹೋದರು. ಶೇಷಪ್ಪ ರ‍್ಯಾಕೆಟ್ಟನ್ನು ಮೆಟ್ಟಿಲಿಗೆ ಆನಿಸಿಟ್ಟು, ಮತ್ತೆ ಕರೆದಾರೆಂಬ ಭಯದಲ್ಲಿ ಬೇಗ ಬೇಗ ತನ್ನ ಮನೆ ಕಡೆ ನಡೆದ.

ರುಕ್ಮಿಣಿ ಜಗಲಿಗೆ ಬಂದು ಅತ್ತಿಗೆಯ ಪಕ್ಕ ಕುಸಿದಳು. "ಸದ್ಯ," ಎಂದುಬಿಟ್ಟಳು. ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಏನು ಸದ್ಯ?"

"ಏನಿಲ್ಲ ಅತ್ತಿಗೆ. ನಿಮಗೆ ನೋಡೋದು ಇಷ್ಟ ಅಂತ… ಇನ್ನೊಂದು ಚೆಂಡು ಸಿಗುತ್ತಾ ವಿಚಾರಿಸ್ತೀನಿ."

"ನಂಗೆ ಇಷ್ಟ ಅಂತ ಯಾರು ಹೇಳಿದ್ರು?"

ರುಕ್ಮಿಣಿ ಅಡುಗೆಮನೆಯ ಕಡೆ ನೋಡಿದಳು.

ವಿಮಲ ಅವಳ ಪಕ್ಕ ಕೂತಳು. "ನಂಗೆ ಹೇಳಿದ್ದು ಬೇರೆ. 'ಅಣ್ಣನ್ನ ಕಳ್ಕೊಂಡ ಹುಡುಗಿ, ನೀನು ಎದುರಿಗೆ ಕೂತು ನೋಡಿದ್ರೆ ಮಾತ್ರ ಆಡ್ತಾಳೆ, ಹಾಡ್ತಾಳೆ. ಇಲ್ದಿದ್ರೆ ಮೂಲೆ ಹಿಡೀತಾಳೆ. ಎದ್ದು ಹೋಗ್ಬೇಡ' ಅಂದ್ರು. ಈ ಕಂಬಕ್ಕೆ ಒರಗಿ ಒರಗಿ ಬೆನ್ನು ನೋವು ಬಂದಿದೆ ರುಕ್ಕು."

"ನೀವು ನನಗೋಸ್ಕರ ಕೂತಿದ್ರಾ?"

"ನೀನು ನನಗೋಸ್ಕರ ಕುಣೀತಿದ್ಯಾ?"

ಇಬ್ಬರಿಗೂ ನಗು ಬರಬೇಕಿತ್ತು. ಬರಲಿಲ್ಲ. ಬದಲು ರುಕ್ಮಿಣಿಗೆ ದವಡೆ ನೋಯುವಷ್ಟು ದೊಡ್ಡ ಆಕಳಿಕೆ ಬಂತು. ಅದನ್ನು ನೋಡಿ ವಿಮಲಳಿಗೂ ಬಂತು. ವಿಮಲ ಮೂಲೆಯ ಟ್ರಂಕಿನ ಕಡೆ ಒಮ್ಮೆ ನೋಡಿ, "ಅಪ್ಪ ಬರೋ ತನಕ ಬೆನ್ನು ಚಾಚ್ತೀನಿ," ಎಂದು ಒಳಗೆ ಹೋದಳು. ರುಕ್ಮಿಣಿಯೂ ಹಿಂದೆಯೇ ಹೋದಳು. ತಂಪು ನೆಲದ ಮೇಲೆ ಒಂದೇ ಚಾಪೆ ಹಾಸಿಕೊಂಡರು. ಕಿಟಕಿಯಲ್ಲಿ ಹೂವಿನ ವಾಸನೆ ದಟ್ಟವಾಗಿ ಬರುತ್ತಿತ್ತು. ಅತ್ತಿಗೆಯೊಡನೆ ಏನೋ ಮಾತಾಡಬೇಕು, ಹೋಗಬೇಡಿ ಎನ್ನಬೇಕು ಎಂದು ರುಕ್ಮಿಣಿ ಅಂದುಕೊಂಡಳು. ಅತ್ತಿಗೆಯ ಉಸಿರು ಆಗಲೇ ನಿಧಾನವಾಗಿತ್ತು.

ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಇಳಿಬಿಸಿಲು ಬಿದ್ದಿತ್ತು. ವಿಮಲ ಗಾಬರಿಯಿಂದ ಎದ್ದು ಕೂತಿದ್ದಳು.

"ಬಸ್ಸು?"

ಜಗಲಿಯಲ್ಲಿ ಕೃಷ್ಣಮ್ಮ ಒಬ್ಬರೇ ಟ್ರಂಕಿನ ಪಕ್ಕದಲ್ಲಿ ಕೂತಿದ್ದರು. ಎದುರಿಗೆ ಒಂದು ಬುಟ್ಟಿ ಕಿತ್ತಳೆ ಇತ್ತು.

"ಬಂದಿದ್ರು, ಹೋದ್ರು," ಎಂದರು.

"ಎಬ್ಬಿಸಬಾರ್ದಿತ್ತಾ ಅತ್ತೆ?"

"ಎಬ್ಬಿಸ್ತೀನಿ ಅಂತ ನಾನೇ ಎದ್ದೆ. ಸುಳ್ಳು ಯಾಕೆ ಹೇಳ್ಲಿ, ಮೆಲ್ಲಗೇ ಎದ್ದೆ. ಅವರು ಬೇಡ ಅಂದ್ರು. ಮೆಟ್ಟು ಬಿಟ್ಟು ಬಾಗಿಲ ತನಕ ಬಂದು ನೋಡಿದ್ರು. 'ಇವಳು ನಿದ್ದೆ ಮಾಡ್ತಾಳಾ? ದೀಪಾವಳಿಗೆ ನಮ್ಮನೇಲಿದ್ದಾಗ ಒಂದು ದಿನವೂ ಕಣ್ಣು ಮುಚ್ಚಿದ್ದು ನಾನು ನೋಡ್ಲಿಲ್ಲ' ಅಂದ್ರು. 'ಎಬ್ಬಿಸಿದ್ರೆ ಬರ್ತೀನಿ ಅಂತಾಳೆ, ಎಬ್ಬಿಸ್ಬೇಡಿ' ಅಂದ್ರು. ಉಂಡ್ರು. ಇನ್ನೊಂದು ಸಲ ಬಂದು ನೋಡಿದ್ರು. ಪೆಟ್ರೋಲ್ ಇಲ್ದೆ ಇದ್ದಿಲಲ್ಲಿ ಓಡೋ ಬಸ್ಸು ಇವತ್ತು ದಾರೀಲಿ ನಿಂತು ನಿಂತು ಬಂತಂತೆ, ಮನೆ ಸೇರೋದು ತಡ ಆಗುತ್ತೆ ಅಂತ ಹೊರಟೇಬಿಟ್ರು."

ವಿಮಲ ಕೆದರಿದ ಕೂದಲನ್ನು ಕೈಯಲ್ಲೇ ಹಿಂದಕ್ಕೆ ಸರಿಸಿಕೊಂಡಳು. ಕೆನ್ನೆಯ ಮೇಲೆ ಚಾಪೆಯ ಗೆರೆ ಮೂಡಿತ್ತು.

"ಎಬ್ಬಿಸಿದ್ದಿದ್ರೆ ಹೋಗ್ತಿದ್ದೆ," ಎಂದಳು.

"ಗೊತ್ತು."

ಕೃಷ್ಣಮ್ಮ ಒಂದು ಕಿತ್ತಳೆ ತೆಗೆದುಕೊಂಡು ಸಿಪ್ಪೆ ಬಿಡಿಸತೊಡಗಿದರು.

"ಅವ್ವಾ, ನಾಳೆ ಹಾರ್ಮೋನಿಯಂ ಬೇಡ," ಎಂದಳು ರುಕ್ಮಿಣಿ.

"ಬೇಡ."

"ನಾಡಿದ್ದೂ ಬೇಡ."

"ಬೇಡ ಅಂದ್ನಲ್ಲ ಮಾರಾಯ್ತಿ! ನೀನು ಅದನ್ನ ಬಾರಿಸೋದು ಕೇಳಿ ಕೇಳಿ ನನ್ನ ತಲೆ ಚಿಟ್ಟು ಹಿಡಿದಿತ್ತು."

ಆಗ ವಿಮಲ ನಕ್ಕಳೆಂದು ಹೇಳಿದರೆ ಸುಳ್ಳಾಗುತ್ತದೆ. ಅವಳು ಅತ್ತೆಯ ಕೈಯಿಂದ ಒಂದು ತೊಳೆ ತೆಗೆದುಕೊಂಡು ತಿಂದು, ಬೀಜವನ್ನು ಅಂಗಳಕ್ಕೆ ಉಗುಳಿದಳು. ತೋಟ ಇನ್ನೂ ಬೆಳ್ಳಗೇ ಇತ್ತು. ಜೇನು ಗೂಡಿಗೆ ಮರಳಿ ಸದ್ದು ಅಡಗುತ್ತಿತ್ತು.

"ಟ್ರಂಕು ಇಲ್ಲಿದ್ರೆ ಇಬ್ಬನಿ ಬೀಳುತ್ತೆ, ಒಳಗಿಡೋಣ. ಹಿಡ್ಕೋ ರುಕ್ಕು," ಎಂದಳು.

ಅಟ್ಟಕ್ಕೋ, ಮಂಚದ ಕೆಳಗೋ ಎಂದು ರುಕ್ಮಿಣಿ ಕೇಳಲಿಲ್ಲ. ಇಬ್ಬರೂ ಒಂದೊಂದು ಹಿಡಿಕೆ ಹಿಡಿದು ಎತ್ತಿದರು. ಅಂಥ ಭಾರವೇನೂ ಇರಲಿಲ್ಲ. ಆದರೂ ನಡುಮನೆಯಲ್ಲಿ ಒಮ್ಮೆ ಕೆಳಗಿಟ್ಟು, ಅದರ ಮೇಲೆಯೇ ಕೂತು ಸುಧಾರಿಸಿಕೊಂಡರು.