ಗುಡ್ಡದ ಮೇಲೆ ಕಳೆದುಹೋದ ಮೂವರು ದೊಡ್ಡವರು

ಸ್ಕೌಟ್ ದಳ ನಡೆಸುವ ದೊಡ್ಡವರಿಗೆ ಕೆಲಸ ಬಹಳ ಕಮ್ಮಿ ಕಣ್ರೀ. ನೀರು ಎಲ್ಲಿ ಸಿಗುತ್ತೆ, ಯಾವ ಮಗುವಿಗೆ ಯಾವ ಮಾತ್ರೆ, ಎಷ್ಟು ಗಂಟೆ ದಾಟಿದರೆ ಹುಡುಕಲು ಹೊರಡಬೇಕು, ಇಷ್ಟು ನೋಡಿಕೊಂಡು ಆಮೇಲೆ ಎರಡೂ ಕೈ ಜೇಬಲ್ಲಿಟ್ಟು ಕೂರಬೇಕು. ಹೊಸದಾಗಿ ಬಂದವರಿಗೆಲ್ಲ ಇಪ್ಪತ್ತೆರಡು ವರ್ಷದಿಂದ ಇದನ್ನೇ ಹೇಳಿಕೊಂಡು ಬಂದಿದ್ದೇನೆ. ಹೇಳಿದವಳೂ ನಾನೇ, ಕೇಳದವಳೂ ನಾನೇ. ನನ್ನ ಹೆಸರು ಹಿಬಿನೋ ಸಾಯೊ. ಕುರೆಸಾಕಾ ಪೇಟೆಯಲ್ಲಿ ತೋಫು ಅಂಗಡಿ. ವಾರವೆಲ್ಲ ಸೋಯಾ ರುಬ್ಬಿ, ಭಾನುವಾರ ಸ್ಕಾರ್ಫ್ ಕಟ್ಟಿಕೊಂಡು ದೇವಸ್ಥಾನದ ಅಂಗಳಕ್ಕೆ ಹೋಗುತ್ತೇನೆ. ನನ್ನ ಬಾಯಿ ಸ್ವಲ್ಪ ಜೋರು, ಅದು ಊರಿಗೇ ಗೊತ್ತು.

ಆ ಬುದ್ಧನ ದೇವಸ್ಥಾನದ ರ್ಯೋಕೈ ಸ್ವಾಮಿಗಳು ನಮ್ಮ ದಳಕ್ಕೆ ಅಧ್ಯಕ್ಷರು. ಎಪ್ಪತ್ತು ದಾಟಿದೆ. ನಗುಮುಖ, ಜೇಬಿನ ತುಂಬ ಬೆಲ್ಲದ ಮಿಠಾಯಿ. ಮೂರನೆಯವರು ಮಿನೋವಾ. ನಲವತ್ತು ವರ್ಷ ರೈಲ್ವೆಯಲ್ಲಿ ವೇಳಾಪಟ್ಟಿ ಬರೆದು ನಿವೃತ್ತರಾದ ಮನುಷ್ಯ. ಮನೆಯಲ್ಲಿ ಕೂತು ಹೆಂಡತಿಗೆ ಸೊಪ್ಪು ಎಷ್ಟು ನಿಮಿಷ ಬೇಯಿಸಬೇಕು ಅಂತ ಹೇಳಲು ಶುರು ಮಾಡಿದ್ದೇ ತಡ, ಆಯಮ್ಮ ಕೈ ಹಿಡಿದು ತಂದು ನಮ್ಮ ಅಂಗಳದಲ್ಲಿ ಬಿಟ್ಟು ಹೋದಳು. ಮೊದಲ ಚಾರಣಕ್ಕೆ ನಲವತ್ತಾರು ಪುಟದ ಯೋಜನೆ ಬರೆದು ತಂದರು. ಹತ್ತು ಗಂಟೆ ಹನ್ನೆರಡು ನಿಮಿಷಕ್ಕೆ ನೀರು ಕುಡಿಯುವುದು. ಹತ್ತು ಗಂಟೆ ಹದಿನಾಲ್ಕಕ್ಕೆ ಮುಚ್ಚಳ ಹಾಕುವುದು.

"ಏನ್ರೀ ಮಿನೋವಾ, ಮುಚ್ಚಳ ಹಾಕೋದು ಒಂದು ನಿಮಿಷ ತಡ ಆದ್ರೆ ಟೋಕಿಯೊಗೆ ಫೋನ್ ಮಾಡ್ಬೇಕಾ?" ಅಂದೆ.

"ಹಾಗಲ್ಲ ಸಾಯೊ ಅವರೇ, ಮುಚ್ಚಳ ಹಾಕದೆ ಬಿಟ್ರೆ ಬ್ಯಾಗು ನೆನೆಯುತ್ತೆ," ಅಂತ ಅವರು ನಿಜವಾಗಿಯೂ ವಿವರಿಸಿದರು.

ಚಾರಣಕ್ಕೆ ಮುಂಚೆ ದೊಡ್ಡವರು ಹೋಗಿ ದಾರಿ ನೋಡಿ ಬರುವುದು ನಮ್ಮಲ್ಲಿ ವಾಡಿಕೆ. ಒಂದು ಸಲ ಸಾಕು. ಮಿನೋವಾ ಮೂರು ಸಲ ಕರೆದುಕೊಂಡು ಹೋದರು. ಎರಡನೇ ಸಲ ಕವಲುದಾರಿಗೆಲ್ಲ ಕೆಂಪು ರಿಬ್ಬನ್ ಕಟ್ಟಿದರು. ಮೂರನೇ ಸಲ ನಾರಿನ ಬ್ರಶ್ಶು ತಂದರು. ಹಳ್ಳ ದಾಟುವ ಕಲ್ಲುಗಳ ಮೇಲೆ ಪಾಚಿ ಇದೆಯಂತೆ, ಮಕ್ಕಳು ಜಾರುತ್ತಾರಂತೆ. ಅತಿಯಾಯಿತು ಅಂತ ಬೈದೆ. ಬೈಯುತ್ತಲೇ ಪ್ಯಾಂಟು ಮಡಚಿ ನೀರಿಗಿಳಿದೆ. ಸ್ವಾಮಿಗಳೂ ಇಳಿದರು. ಮೂವರೂ ಸೇರಿ ಹದಿನೇಳು ಕಲ್ಲು ತಿಕ್ಕಿ ಅನ್ನದ ಬಟ್ಟಲಿನ ಹಾಗೆ ಫಳಫಳ ಅನ್ನಿಸಿದೆವು.

ಚಾರಣವೇನೋ ಮುಗಿಯಿತು. ಮಾರನೇ ದಿನ ಸಂಜೆ ಚಿಗುಸಾ ಅಂಗಡಿಗೆ ಬಂದಳು. ಎಂಟನೇ ಕ್ಲಾಸು. ನಮ್ಮ ಆರು ಜನ ಸ್ಕೌಟುಗಳ ತುಕಡಿಗೆ ನಾಯಕಿ. ಮಾತು ಕಮ್ಮಿ. ಆಡಿದರೆ ಮೊಳೆ ಹೊಡೆದ ಹಾಗೆ.

"ಅತ್ತೆ, ಕಲ್ಲು ತೊಳೆದವರು ಯಾರು?"

"ಯಾವ ಕಲ್ಲೇ?" ಅಂತ ನಾನು ತೋಫು ಕತ್ತರಿಸುತ್ತಾ ಕೇಳಿದೆ. ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿಕೊಂಡ ಅನ್ನೋ ಹಾಗೆ ನನ್ನ ಮುಖ ಆಗಲೇ ಹುಳ್ಳಗಾಗಿತ್ತು.

"ಬಿಳಿ ಕಲ್ಲು ನೋಡ್ಕೊಂಡು ದಾಟಿದ್ವಿ, ರಿಬ್ಬನ್ ನೋಡ್ಕೊಂಡು ತಿರುಗಿದ್ವಿ. ದಿಕ್ಸೂಚಿ ಬ್ಯಾಗಿಂದ ಆಚೆಗೇ ಬರ್ಲಿಲ್ಲ. ಚಿಕ್ಕೋರು ನನ್ನ ಕೇಳಿದ್ರು, ಚಿಗುಸಾ ಅಕ್ಕ, ನಾಯಕಿ ಅಂದ್ರೆ ಏನ್ ಮಾಡೋದು ಅಂತ. ನಂಗೆ ಗೊತ್ತಾಗ್ಲಿಲ್ಲ." ಆಮೇಲೆ ಅಂದಳು, "ಸ್ಕೂಲ್ ಬ್ಯಾಂಡ್‌ನಲ್ಲಿ ಕಹಳೆ ಊದೋಕೆ ಒಂದು ಜಾಗ ಇದೆ. ಅಭ್ಯಾಸ ಭಾನುವಾರ. ಮುಂದಿನ ತಿಂಗಳು ಎರಡನೇ ಸೋಮವಾರ ಉತ್ತರ ಹೇಳ್ಬೇಕು."

ಇವಳು ಹೋದರೆ ಮಿಕ್ಕ ಐವರೂ ಒಂದು ತಿಂಗಳು ನಿಲ್ಲುವುದಿಲ್ಲ. ಎಲ್ಲರೂ ಇವಳ ಬೆನ್ನು ನೋಡಿಕೊಂಡು ನಡೆಯುವವರು. ಮಕ್ಕಳೇ ಇಲ್ಲದ ಮೇಲೆ ದಳವೆಲ್ಲಿ? ಇಪ್ಪತ್ತೆರಡು ವರ್ಷದ ನನ್ನ ಭಾನುವಾರಗಳು ಆ ಹುಡುಗಿಯ ಒಂದು ಸೋಮವಾರದ ಮೇಲೆ ನಿಂತಿದ್ದವು.

ಅವತ್ತೇ ಮೂವರೂ ದೇವಸ್ಥಾನದ ಅಡುಗೆಮನೆಯಲ್ಲಿ ಸೇರಿದೆವು. ಮಿನೋವಾ ವಿಷಯ ಕೇಳಿ ಬೆವರಿದರು.

"ನಾನು ಒಳ್ಳೇದಕ್ಕೇ ಮಾಡಿದ್ದು..."

"ನಾವೂ ತಿಕ್ಕಿದ್ದೀವಲ್ಲಪ್ಪ, ಪಾಪದಲ್ಲಿ ಪಾಲಿದೆ," ಅಂದರು ಸ್ವಾಮಿಗಳು, ಮಿಠಾಯಿ ಬಾಯಿಗೆ ಹಾಕಿಕೊಂಡು.

ಕೊನೆಗೆ ಹೀಗಂತ ತೀರ್ಮಾನ ಆಯಿತು. ಅವಳು ಬ್ಯಾಂಡಿಗೆ ಉತ್ತರ ಹೇಳಬೇಕಾದ ಸೋಮವಾರದ ಹಿಂದಿನ ದಿನ, ಭಾನುವಾರ, ಎಬೋಶಿ ಗುಡ್ಡಕ್ಕೆ ಚಾರಣ. ಯಾವ ದಾರಿ, ಎಷ್ಟು ಹೊತ್ತು, ಏನು ಊಟ, ಎಲ್ಲ ಚಿಗುಸಾಳದ್ದು. ದೊಡ್ಡವರು ಇನ್ನೊಂದು ಕಡೆಯಿಂದ ಹತ್ತಿ, ನೆತ್ತಿಯ ಮೇಲಿನ ಮಂಟಪದಲ್ಲಿ ಕಾಯುವುದು. ಮಕ್ಕಳು ಹನ್ನೆರಡಕ್ಕೆ ಬರಬೇಕು. ಒಂದು ಗಂಟೆಯ ತನಕ ದೊಡ್ಡವರು ಏಳಕೂಡದು. ಅವಳ ಯೋಜನೆ ಓದಿ ನಾವು ನೀರು, ಔಷಧಿ, ಹವಾಮಾನ ಮಾತ್ರ ವಿಚಾರಿಸಿದೆವು. ಅದು ಅರ್ಧ ಪುಟ ಇತ್ತು. ಮಿನೋವಾ ಅದನ್ನು ಹಿಂದೆ ಮುಂದೆ ತಿರುಗಿಸಿ, ಮಿಕ್ಕ ಪುಟ ಎಲ್ಲಿ ಅಂತ ಹುಡುಕಿದರು.

ಚಿಗುಸಾ ಕೇಳಿದ್ದು ಒಂದೇ. "ಹಿಂದೆ ಬರಬೇಡಿ. ಬಂದ್ರೆ ನಂಗೆ ಗೊತ್ತಾಗತ್ತೆ." ಬರಲ್ಲ ಅಂತ ಮೂವರೂ ಮಾತು ಕೊಟ್ಟೆವು.

ಭಾನುವಾರ ಹನ್ನೊಂದೂವರೆಗೇ ಮಂಟಪದಲ್ಲಿ ಕೂತೆವು. ಬಿಸಿಲು ಹದವಾಗಿತ್ತು. ನಾನು ಅನ್ನದ ಉಂಡೆ ಬಿಚ್ಚಿದೆ. ಮಿನೋವಾ ಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡರು. ಹನ್ನೆರಡಾಯಿತು. ಯಾರೂ ಇಲ್ಲ. ಹನ್ನೆರಡು ಐದು. ಮಿನೋವಾ ಕಾಲು ಅಲ್ಲಾಡಿಸಲು ಶುರು ಮಾಡಿದರು. ಬೆಂಚು ನಡುಗಿ ನನ್ನ ಚಹಾ ಚೆಲ್ಲಿತು.

"ಐದು ನಿಮಿಷಕ್ಕೆ ಹೀಗಾದ್ರೆ ಹೆಂಗ್ರೀ? ಮಕ್ಕಳು ರೈಲಲ್ಲ, ಹಳಿ ಮೇಲೆ ಬರೋಕೆ. ಕೂತ್ಕೊಳ್ಳಿ," ಅಂದೆ.

"ಕೂತೇ ಇದ್ದೀನಿ," ಅಂದರು. ಹನ್ನೆರಡು ಹತ್ತಕ್ಕೆ, "ಸ್ವಲ್ಪ ಪಾಯಿಖಾನೆ ಕಡೆ..." ಅಂತ ಎದ್ದು ಹೋದರು. ಐದು ನಿಮಿಷ ಬಿಟ್ಟು ಸ್ವಾಮಿಗಳು, "ಅಲ್ಲೇನೋ ಹೂ ಬಿಟ್ಟ ಹಾಗಿದೆ, ನೋಡಿ ಬರ್ತೀನಿ," ಅಂದರು. ಅಲ್ಲಿ ಹೂವಿರಲಿಲ್ಲ. ಹೋಗಿ ಬನ್ನಿ ಅಂದೆ.

ಈಗ ಮಂಟಪದಲ್ಲಿ ನಾನೊಬ್ಬಳೇ. ಯಾರನ್ನು ಆಡಿಕೊಳ್ಳಲಿ? ಆಡಿಕೊಳ್ಳಲು ಜನ ಇದ್ದಷ್ಟು ಹೊತ್ತು ಧೈರ್ಯವೂ ಇತ್ತು. ಒಬ್ಬಳೇ ಆದ ಮೇಲೆ, ಸುಳ್ಳು ಯಾಕೆ ಹೇಳಲಿ, ಎದ್ದು ನಿಂತು ದಾರಿ ನೋಡಲು ಶುರು ಮಾಡಿದೆ. ಚಿಕ್ಕವಳು ಇಚಿಕಾಗೆ ಇನ್ನೂ ಹತ್ತು ವರ್ಷ. ಬಂಡೆ ಇದೆ, ಕರಡಿ ಇದೆ. ಬರೀ ಬಗ್ಗಿ ನೋಡಿ ವಾಪಸ್ ಬರೋದು, ಯಾರಿಗೆ ಗೊತ್ತಾಗುತ್ತೆ? ಕರಡಿ ದೂರ ಇರಲಿ ಅಂತ ಬ್ಯಾಗಿಗೆ ಕಟ್ಟುವ ಗಂಟೆ ಇರುತ್ತಲ್ಲ, ಅದನ್ನು ಬಿಚ್ಚಿ, ಸದ್ದಾಗದಂತೆ ಕರವಸ್ತ್ರದಲ್ಲಿ ಸುತ್ತಿ, ಜೇಬಿಗಿಟ್ಟುಕೊಂಡೆ. ಹೇಳೋದು ಆಚಾರ, ತಿನ್ನೋದು ಬದನೇಕಾಯಿ. ಬಿದಿರುಮೆಳೆಯ ಕಡೆಗೆ ಇಳಿದೆ.

ಹತ್ತು ಮಾರು ಹೋಗಿಲ್ಲ, ಬಲಗಡೆ ಎಲೆ ಸರಸರ ಅಂದವು. ನಿಂತೆ. ಮತ್ತೆ ಸರಸರ. ಏನೋ ದಪ್ಪಗಿರೋದು ಉಸಿರು ಬಿಡುತ್ತಿದೆ. ಕರಡಿ! ಗಂಟೆ ಬಾರಿಸೋಣ ಅಂದರೆ ಕರವಸ್ತ್ರದ ಗಂಟು ಬಿಚ್ಚುತ್ತಿಲ್ಲ.

"ಅಮಿತಾಭ ಬುದ್ಧ, ಅಮಿತಾಭ ಬುದ್ಧ," ಅಂತು ಕರಡಿ.

"ಸ್ವಾಮಿಗಳೇ?"

ಬಿದಿರಿನ ನಡುವಿಂದ ನುಣ್ಣನೆ ತಲೆ ಹೊರಬಂತು. "ಅಯ್ಯೋ, ನೀನಾ ಸಾಯಮ್ಮ! ನಾನು ಕರಡಿ ಅಂದ್ಕೊಂಡೆ."

"ನಿಮ್ಮ ಗಂಟೆ ಎಲ್ಲಿ?"

ಅವರು ಕೈ ತೆರೆದು ತೋರಿಸಿದರು. ಗಂಟೆಯ ನಾಲಿಗೆಗೆ ಮಿಠಾಯಿ ಅಂಟಿಸಿದ್ದರು.

"ಶ್‌!" ಅಂತು ಕೆಳಗಿನ ಪೊದೆ. "ಮೆಲ್ಲಗೆ ಮಾತಾಡಿ, ಮಕ್ಕಳಿಗೆ ಕೇಳಿಸುತ್ತೆ!" ಮಿನೋವಾ ಅಲ್ಲಿ ಮೊಣಕಾಲೂರಿ, ದುರ್ಬೀನು ಹಿಡಿದು ಕೂತಿದ್ದರು. ಟೋಪಿಗೆ ಜರೀಗಿಡದ ಎಲೆ ಸಿಕ್ಕಿಸಿಕೊಂಡಿದ್ದರು.

"ಇದೇನಾ ನಿಮ್ಮ ಪಾಯಿಖಾನೆ?"

"ಇದೇನಾ ನಿಮ್ಮ ಕೂತ್ಕೊಳ್ಳೋದು?" ಅಂದುಬಿಟ್ಟರು. ಮೊದಲ ಸಲ ಆ ಮನುಷ್ಯನ ಬಾಯಲ್ಲಿ ಎದುರುತ್ತರ ಬಂದಿದ್ದು. ನನಗೆ ನಗುವೂ ಬಂತು, ಸಿಟ್ಟೂ ಬಂತು. ಮೂವರೂ ಪಿಸುದನಿಯಲ್ಲಿ ಚೆನ್ನಾಗಿ ಜಗಳ ಆಡಿದೆವು. ಯಾರು ಮೊದಲು ಎದ್ದವರು, ಯಾರು ಯಾರನ್ನು ತಡೆಯಬೇಕಿತ್ತು ಅಂತ. ಜಗಳದ ಮಧ್ಯೆ ಸ್ವಾಮಿಗಳು ಮೆಲ್ಲಗೆ ಕೇಳಿದರು, "ಅದಿರಲಿ, ಮಂಟಪದಲ್ಲಿ ಯಾರಿದ್ದಾರೆ?"

ಯಾರೂ ಇರಲಿಲ್ಲ. ಅಷ್ಟರಲ್ಲಿ ಮೇಲಿಂದ ಸೀಟಿ ಕೇಳಿಸಿತು. ಮೂರು ಸಲ ಚಿಕ್ಕದಾಗಿ, ಬಿಟ್ಟು, ಮತ್ತೆ ಮೂರು ಸಲ. ದಾರಿ ತಪ್ಪಿದವರನ್ನು ಕರೆಯುವ ಸೀಟಿ. ನಾನೇ ಕಲಿಸಿದ್ದು.

ಏದುಸಿರು ಬಿಡುತ್ತಾ ಹತ್ತಿ ಹೋದಾಗ ಆರೂ ಮಕ್ಕಳು ಮಂಟಪದಲ್ಲಿ ಸಾಲಾಗಿ ಕೂತಿದ್ದರು. ಚಿಕ್ಕ ಒಲೆಯ ಮೇಲೆ ನೀರು ಕುದಿಯುತ್ತಿತ್ತು.

"ಸಿಕ್ಕಿದ್ರು!" ಅಂತ ಇಚಿಕಾ ಕುಣಿದಳು. "ಮೂರೂ ಜನ ಇದ್ದಾರೆ! ಗಾಯ ಏನಿಲ್ಲ!"

ಚಿಗುಸಾ ಗಡಿಯಾರ ನೋಡಿ ಪುಸ್ತಕದಲ್ಲಿ ಬರೆದುಕೊಂಡಳು. ಆಮೇಲೆ ವರದಿ ಒಪ್ಪಿಸಿದಳು. ಅರ್ಧ ದಾರಿಯಲ್ಲಿ ನಕ್ಷೆ ತಪ್ಪಾಗಿ ಓದಿದ್ದಳಂತೆ. ಗೊತ್ತಾದ ಕೂಡಲೇ ಹಿಂದಿನ ಗುರುತಿನ ಜಾಗಕ್ಕೆ ಮರಳಿ, ದಿಕ್ಸೂಚಿ ಇಟ್ಟು ನೋಡಿ, ಗುಡ್ಡದ ಬೆನ್ನ ಮೇಲಿನ ದಾರಿ ಹಿಡಿದು ಹನ್ನೆರಡು ಇಪ್ಪತ್ತೈದಕ್ಕೆ ತಲುಪಿದ್ದಾರೆ. "ಬಂದು ನೋಡಿದ್ರೆ ಬ್ಯಾಗು ಮೂರಿದೆ, ದೊಡ್ಡೋರಿಲ್ಲ. ಹುಡುಕೋಕೆ ಚದುರಬಾರದು ಅಂತ ಎಲ್ಲರನ್ನೂ ಒಂದೇ ಕಡೆ ಕೂರಿಸ್ದೆ. ಐದು ನಿಮಿಷಕ್ಕೊಂದು ಸಲ ಸೀಟಿ. ಸಿಕ್ಕಿದವರಿಗೆ ಬಿಸಿ ಚಹಾ ಬೇಕಾಗತ್ತೆ ಅಂತ ನೀರಿಟ್ವಿ. ಒಂದು ಗಂಟೆ ಆಗಿದ್ರೆ ಕೆಳಗಿನ ಊರಿನವರನ್ನ ಕರೆಯೋಕೆ ಹೋಗ್ತಿದ್ವಿ."

ಒಂದಕ್ಷರ ತಪ್ಪಿರಲಿಲ್ಲ. ನಾವು ಮೂವರೂ ನೆಲ ನೋಡುತ್ತಾ ನಿಂತೆವು.

ಏನೇ ಮಾಡಿದರೂ ಕೊನೆಗೆ ವೃತ್ತವಾಗಿ ಕೂತು ಅವರವರ ತಪ್ಪು ಅವರವರೇ ಹೇಳಿಕೊಳ್ಳುವುದು ನಮ್ಮ ಪದ್ಧತಿ. ಮಕ್ಕಳು ಹೇಳುತ್ತಾರೆ, ನಾವು ತಲೆದೂಗುತ್ತೇವೆ. ಅವತ್ತು ಚಿಗುಸಾ, "ಮೊದಲು ದೊಡ್ಡೋರು," ಅಂದಳು. ಸ್ವಾಮಿಗಳು ಹೂವಿನ ಸುಳ್ಳು ಒಪ್ಪಿಕೊಂಡರು. ಊರಿಗೆಲ್ಲ ಬುದ್ಧಿ ಹೇಳಿ ನಾನೇ ಕದ್ದು ಹೋದೆ ಅಂತ ನಾನು ಬಗ್ಗಿ ನಮಸ್ಕರಿಸಿದೆ. ಇಚಿಕಾ ಕಿಸಕ್ಕೆಂದಳು. ಮಿನೋವಾ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ನಲವತ್ತು ವರ್ಷ ನನ್ನ ಕೆಲಸದಲ್ಲಿ ತಡ ಅಂದ್ರೆ ಏನೋ ಅನಾಹುತ ಆಗಿದೆ ಅಂತಲೇ ಅರ್ಥ," ಅಂದರು. "ನಿನ್ನ ಮೇಲೆ ನಂಬಿಕೆ ಇರ್ಲಿಲ್ಲ ಅಂತಲ್ಲ ಚಿಗುಸಾ. ಹೆದರಿಕೆ ಬಂದಾಗ ಸುಮ್ನೆ ಕೂರೋದು ಹೇಗೆ ಅಂತ ನಂಗೆ ಗೊತ್ತಿಲ್ಲ. ನಿಂಗೆ ಕೊಟ್ಟ ಮಾತು ಮುರಿದೆ. ತಪ್ಪಾಯ್ತು." ಅವರ ಕಣ್ಣಲ್ಲಿ ನೀರಿತ್ತು.

ಚಿಗುಸಾ ಚಹಾ ಬಗ್ಗಿಸಿ ಕೊಟ್ಟಳು. ಆಮೇಲೆ, "ಇಳಿಯುವಾಗ ನಾನು ಮುಂದೆ. ದೊಡ್ಡೋರು ಮಧ್ಯ. ಇಚಿಕಾ, ನೀನು ಕೊನೇಲಿ, ಇವರ ಮೇಲೆ ಕಣ್ಣಿಟ್ಟಿರು," ಅಂದಳು.

ಇಳಿಯತೊಡಗಿದೆವು. ಅರ್ಧ ಗಂಟೆ ಆದ ಮೇಲೆ ದಾರಿ ಕವಲೊಡೆಯಿತು. ಬಲಕ್ಕೆ ಹೋದರೆ ಬಸ್ ನಿಲ್ದಾಣ. ಎಡಕ್ಕೆ ಪಾಳುಬಿದ್ದ ಚಹಾ ತೋಟ, ಅಲ್ಲಿಗೆ ದಾರಿ ಮುಗಿಯುತ್ತದೆ. ಅಪಾಯ ಏನಿಲ್ಲ, ಬರೀ ದಂಡ. ಚಿಗುಸಾ ನಿಂತಳು, ನಕ್ಷೆ ನೋಡಿದಳು, ಎಡಕ್ಕೆ ತಿರುಗಿದಳು.

ನನ್ನ ಗಂಟಲ ತನಕ ಮಾತು ಬಂತು. ಮಿನೋವಾ ಕಡೆ ನೋಡಿದೆ. ಆ ಗುಡ್ಡದ ದಾರಿಯೆಲ್ಲ ಆ ಮನುಷ್ಯನಿಗೆ ಅಂಗೈ ರೇಖೆ. ಬಸ್ಸು ಮೂರು ನಲವತ್ತೆರಡಕ್ಕೆ, ಅದು ತಪ್ಪಿದರೆ ಐದು ಐವತ್ತೈದಕ್ಕೆ, ಅದೂ ಬಾಯಿಪಾಠ. ಅವರು ಕೈಗಡಿಯಾರ ನೋಡಿದರು. ಬಾಯಿ ತೆರೆದರು. ಮುಚ್ಚಿದರು. ಎರಡೂ ಕೈ ಜೇಬಿಗೆ ಹಾಕಿಕೊಂಡು ಎಡಕ್ಕೆ ನಡೆದರು. ಸ್ವಾಮಿಗಳು ಹಿಂದೆ, ನಾನು ಅವರ ಹಿಂದೆ.

ಹದಿನೈದು ನಿಮಿಷ ನಡೆದೆವು. ಮಿನೋವಾ ಕುತ್ತಿಗೆ ಬೆವರಿ ಸ್ಕಾರ್ಫ್ ತೊಪ್ಪೆಯಾಗಿತ್ತು. ಒಂದು ಸಲವೂ ಕೆಮ್ಮಲಿಲ್ಲ. ಚಹಾ ತೋಟದ ಮುರಿದ ಬೇಲಿ ಕಂಡ ಕೂಡಲೇ ಚಿಗುಸಾ ನಿಂತಳು. ದಿಕ್ಸೂಚಿ ತೆಗೆದು ನೆಲದ ಮೇಲೆ ನಕ್ಷೆ ಹರಡಿ ಕೂತಳು. ಚಿಕ್ಕವರೂ ಸುತ್ತ ಕೂತು ಬೆರಳಿಟ್ಟು ವಾದ ಮಾಡಿದರು. ಕೊನೆಗೆ ಅವಳು ಎದ್ದು ಮಂಡಿ ಒರೆಸಿಕೊಂಡು, "ನನ್ನ ತಪ್ಪು. ಕವಲಿಗೆ ವಾಪಸ್," ಅಂದಳು. ಅಷ್ಟು ಹೇಳಿ ಮಿನೋವಾ ಮುಖವನ್ನೇ ನೋಡಿದಳು.

"ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು," ಅಂದರು ಮಿನೋವಾ.

"ಬಸ್ಸು?"

"ತಪ್ಪುತ್ತೆ."

ಹುಡುಗಿ ನಕ್ಕಳು. ಎರಡು ವರ್ಷದಲ್ಲಿ ಅವಳು ಹಾಗೆ ಹಲ್ಲು ಕಾಣುವ ಹಾಗೆ ನಕ್ಕಿದ್ದು ನಾನು ನೋಡಿರಲಿಲ್ಲ. "ನಾಳೆ ಬ್ಯಾಂಡ್ ಮೇಷ್ಟ್ರಿಗೆ ಬರಲ್ಲ ಅಂತ ಹೇಳ್ತೀನಿ," ಅಂದು ಬ್ಯಾಗು ಏರಿಸಿಕೊಂಡು ಮುಂದೆ ಹೊರಟಳು. ನಾನು ಸ್ವಾಮಿಗಳ ಭುಜ ಹಿಡಿದುಕೊಂಡು ನಾಚಿಕೆಯಿಲ್ಲದೆ ಅತ್ತುಬಿಟ್ಟೆ.

ನಾವು ಕೆಳಗಿಳಿಯುವ ಹೊತ್ತಿಗೆ ಬಸ್ಸು ತಿರುವು ದಾಟಿ ಹೋಗುತ್ತಿತ್ತು. ಎರಡು ಗಂಟೆ ಆ ನಿಲ್ದಾಣದ ಬೆಂಚಿನ ಮೇಲೆ ಕೂತಿದ್ದೆವು. ಮಿನೋವಾ ಒಂದು ಸಲವೂ ಗಡಿಯಾರ ನೋಡಲಿಲ್ಲ, ಗಂಟು ಹಾಕೋದು ನಂಗೂ ಕಲಿಸಿಕೊಡು ಅಂತ ಇಚಿಕಾಳನ್ನು ಕೇಳಿ, ಅವಳ ಹತ್ತಿರವೇ ಕಲಿಯುತ್ತಾ ಕೂತಿದ್ದರು. ಆರು ಮನೆಗೆ ಫೋನ್ ಮಾಡಿ, ತಡ ಆಗುತ್ತೆ, ಮಕ್ಕಳು ಚೆನ್ನಾಗಿದ್ದಾರೆ ಅಂತ ಹೇಳಿದ್ದು ನಾನು. ಅದು ದೊಡ್ಡವರ ಕೆಲಸ.